ಸಸ್ಕಾಚೆವಾನ್ ಮೆಡಿಕೇರ್ ಮತ್ತು ಜನಾಭಿಪ್ರಾಯ

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1962ರ ಜುಲೈ 1ರಂದು ಜಾರಿಗೆ ಬಂದ ಸರ್ಕಾರಿ ವೈದ್ಯಕೀಯ ವಿಮಾ ಯೋಜನೆ. ರೋಗಿಯ ಪರವಾಗಿ ವೈದ್ಯರ ಶುಲ್ಕವನ್ನು ಸರ್ಕಾರವೇ ಭರಿಸುವ, ಎಲ್ಲ ನಿವಾಸಿಗಳಿಗೂ ಅನ್ವಯಿಸುವ ಇಂಥ ವ್ಯವಸ್ಥೆ ಉತ್ತರ ಅಮೆರಿಕದಲ್ಲಿ ಇದೇ ಮೊದಲು. ಪ್ರಾಂತ್ಯವನ್ನೇ ಎರಡು ಪಾಳಯವಾಗಿ ಒಡೆದ ಈ ಯೋಜನೆ, ಹತ್ತು ವರ್ಷ ಕಳೆಯುವಷ್ಟರಲ್ಲಿ ಯಾವ ಪಕ್ಷವೂ ಕೈಹಾಕಲು ಅಂಜುವ ಹಕ್ಕಾಗಿ ಬೇರೂರಿತು.

ಸಸ್ಕಾಚೆವಾನ್ ಗೋಧಿ ಬೆಳೆಯುವ, ಊರಿಂದೂರಿಗೆ ಬಹುದೂರವಿರುವ ಬಯಲು ನಾಡು. ಇಲ್ಲಿನ ಗ್ರಾಮೀಣ ಪುರಸಭೆಗಳು ಮೊದಲ ಮಹಾಯುದ್ಧದ ಹೊತ್ತಿಗೇ ತೆರಿಗೆ ಹಣದಿಂದ ಸಂಬಳ ಕೊಟ್ಟು ವೈದ್ಯರನ್ನು ಕರೆತರತೊಡಗಿದ್ದವು. 1944ರಲ್ಲಿ ಟಾಮಿ ಡಗ್ಲಸ್ ನಾಯಕತ್ವದ ಸಿಸಿಎಫ್ ಪಕ್ಷ ಅಧಿಕಾರಕ್ಕೆ ಬಂತು. 1947ರಲ್ಲಿ ಆಸ್ಪತ್ರೆ ವಿಮೆ ಶುರುವಾಯಿತು. ವರ್ಷಕ್ಕೆ ತಲಾ 5 ಡಾಲರ್, ಕುಟುಂಬವೊಂದಕ್ಕೆ ಹೆಚ್ಚೆಂದರೆ 30 ಡಾಲರ್ ಕಟ್ಟಿದರೆ ಆಸ್ಪತ್ರೆವಾಸದ ಖರ್ಚು ಸರ್ಕಾರದ್ದು. ಆದರೆ ವೈದ್ಯರ ಬಿಲ್ಲು ಇದರಿಂದ ಹೊರಗುಳಿದಿತ್ತು.

ಅದನ್ನೂ ವಿಮೆಗೆ ಸೇರಿಸುವ ಭರವಸೆಯೇ 1960ರ ಚುನಾವಣೆಯ ಮುಖ್ಯ ವಿಷಯ. ಸಿಸಿಎಫ್ ಗೆದ್ದಿತು, ಆದರೆ ಅದಕ್ಕೆ ಬಿದ್ದದ್ದು ಶೇ. 41ರ ಆಸುಪಾಸಿನ ಮತ. ಜನ ಒಪ್ಪಿದ್ದಾರೆಂದು ಸರ್ಕಾರ ಹೇಳಿದರೆ, ಅರ್ಧಕ್ಕಿಂತ ಹೆಚ್ಚು ಮತದಾರರು ಬೇರೆಯವರಿಗೆ ಮತ ಹಾಕಿದ್ದಾರೆಂದು ವಿರೋಧಿಗಳು ವಾದಿಸಿದರು. 1962ರ ಮೇ ತಿಂಗಳಲ್ಲಿ, ಡಗ್ಲಸ್ ನಂತರ ಪ್ರೀಮಿಯರ್ (ಪ್ರಾಂತ್ಯ ಸರ್ಕಾರದ ಮುಖ್ಯಸ್ಥ) ಆಗಿದ್ದ ವುಡ್ರೋ ಲಾಯ್ಡ್ ರಾಜಧಾನಿ ರೆಜೈನಾದಲ್ಲಿ ನೂರಾರು ವೈದ್ಯರ ಮುಂದೆ ಮಾತನಾಡಿದರು. ಹೊಸ ವಿಮಾ ಕಾಯ್ದೆಯಡಿ ಕೆಲಸ ಮಾಡಲು ಒಲ್ಲದವರು ಎದ್ದು ನಿಲ್ಲಲಿ ಎಂದು ವೈದ್ಯರ ಮುಖಂಡರು ಸಭೆಯಲ್ಲಿ ಕೇಳಿದಾಗ ಬಹುತೇಕ ಎಲ್ಲರೂ ಎದ್ದರು. ಜೂನ್ 18ರ ಸಂಸತ್ ಚುನಾವಣೆಯಲ್ಲಿ, ಕೇಂದ್ರ ರಾಜಕೀಯಕ್ಕೆ ಹೋಗಿದ್ದ ಡಗ್ಲಸ್ ರೆಜೈನಾದಲ್ಲೇ ಸೋತರು.

ಯೋಜನೆ ಜಾರಿಯಾದ ಜುಲೈ 1ರಂದು ಅದನ್ನು ವಿರೋಧಿಸಿ ಹೆಚ್ಚಿನ ವೈದ್ಯರು ಕ್ಲಿನಿಕ್‌ಗಳಿಗೆ ಬೀಗ ಜಡಿದರು. ಆಯ್ದ ಆಸ್ಪತ್ರೆಗಳಲ್ಲಿ ತುರ್ತು ಸೇವೆ ಮಾತ್ರ ನಡೆಯಿತು. ತಮ್ಮೂರ ಡಾಕ್ಟರು ಊರು ಬಿಟ್ಟಾರೆಂದು ದಿಗಿಲುಬಿದ್ದವರು ‘ನಮ್ಮ ವೈದ್ಯರನ್ನು ಉಳಿಸಿಕೊಳ್ಳೋಣ’ ಎಂಬ ಸಮಿತಿಗಳನ್ನು ಕಟ್ಟಿದರು. ಯೋಜನೆಯ ಬೆಂಬಲಿಗರು ಸುಮ್ಮನೆ ಕೂರಲಿಲ್ಲ. ವಂತಿಗೆ ಹಾಕಿ ಸಸ್ಕಾಟೂನ್ ಮೊದಲಾದೆಡೆ ಸಮುದಾಯ ಕ್ಲಿನಿಕ್‌ಗಳನ್ನು ತೆರೆದರು. ಬ್ರಿಟನ್ನಿನಿಂದ ವೈದ್ಯರು ಬಂದರು. ಜುಲೈ 11ರಂದು ರೆಜೈನಾದ ಶಾಸನಸಭೆಯೆದುರು ವಿರೋಧಿಗಳು ಕರೆದ ಮೆರವಣಿಗೆಗೆ ಹತ್ತಾರು ಸಾವಿರ ಜನ ಬರುವ ನಿರೀಕ್ಷೆಯಿತ್ತು. ಬಂದವರು ನಾಲ್ಕೈದು ಸಾವಿರ. ಅದೇ ದಿನಗಳಲ್ಲಿ ಲಿಬರಲ್ ನಾಯಕ ರಾಸ್ ಥ್ಯಾಚರ್ ಮುಚ್ಚಿದ್ದ ಸದನದ ಬಾಗಿಲಿಗೆ ಕಾಲಿನಿಂದ ಒದೆಯುತ್ತಿರುವ ಚಿತ್ರ ಪತ್ರಿಕೆಗಳಲ್ಲಿ ಬಂದು ಹೆಸರಾಯಿತು.

ಬ್ರಿಟನ್ನಿನ ಲಾರ್ಡ್ ಟೇಲರ್ ಮಧ್ಯಸ್ಥಿಕೆಯಲ್ಲಿ ಜುಲೈ 23ರಂದು ಸಸ್ಕಾಟೂನ್ ಒಪ್ಪಂದವಾಯಿತು. ವೈದ್ಯರು ಸಂಬಳದ ನೌಕರರಾಗಬೇಕಿಲ್ಲ, ಪ್ರತಿ ಸೇವೆಗೂ ಶುಲ್ಕ ಪಡೆಯಬಹುದು, ಬೇಕಿದ್ದರೆ ಯೋಜನೆಯ ಹೊರಗೂ ಇರಬಹುದು ಎಂದಾಯಿತು.

ಜನರ ಮನಸ್ಸು ನಿಜವಾಗಿ ಒರೆಗೆ ಹತ್ತಿದ್ದು ಆಮೇಲೆ. 1964ರಲ್ಲಿ ಥ್ಯಾಚರ್ ಚುನಾವಣೆ ಗೆದ್ದು ಪ್ರೀಮಿಯರ್ ಆದರು. ಬಾಗಿಲಿಗೆ ಒದ್ದವರು ಯೋಜನೆಯನ್ನು ಮಾತ್ರ ಒದೆಯಲಿಲ್ಲ. ಅಷ್ಟರಲ್ಲಿ ಬಿಲ್ಲಿನ ಚಿಂತೆಯಿಲ್ಲದೆ ಡಾಕ್ಟರ ಬಳಿ ಹೋಗುವುದು ಜನರಿಗೆ ಅಭ್ಯಾಸವಾಗಿತ್ತು. 1968ರಲ್ಲಿ ಥ್ಯಾಚರ್ ಸರ್ಕಾರ ಪ್ರತಿ ಕ್ಲಿನಿಕ್ ಭೇಟಿಗೆ ಒಂದೂವರೆ ಡಾಲರ್ ಶುಲ್ಕ ವಿಧಿಸಿದಾಗ ಅಸಮಾಧಾನ ಹೊಗೆಯಾಡಿತು. 1971ರಲ್ಲಿ ಸಿಸಿಎಫ್‌ನ ಉತ್ತರಾಧಿಕಾರಿ ಎನ್‌ಡಿಪಿ ಅಧಿಕಾರಕ್ಕೆ ಬಂದು ಆ ಶುಲ್ಕವನ್ನು ರದ್ದುಮಾಡಿತು.

ಈ ನಡುವೆ ನ್ಯಾಯಮೂರ್ತಿ ಎಮ್ಮೆಟ್ ಹಾಲ್ ನೇತೃತ್ವದ ಆಯೋಗ 1964ರಲ್ಲಿ ಇಡೀ ದೇಶಕ್ಕೆ ಇಂಥದೇ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ಅದರಂತೆ ಬಂದ 1966ರ ಕೇಂದ್ರ ಕಾಯ್ದೆ 1968ರ ಜುಲೈ 1ರಿಂದ ಜಾರಿಯಾಯಿತು. 1984ರ ಕೆನಡಾ ಆರೋಗ್ಯ ಕಾಯ್ದೆ, ರೋಗಿಯಿಂದ ಹೆಚ್ಚುವರಿ ಶುಲ್ಕ ವಸೂಲಿಗೆ ಅವಕಾಶ ಕೊಡುವ ಪ್ರಾಂತ್ಯಗಳ ಕೇಂದ್ರ ಅನುದಾನಕ್ಕೆ ಕತ್ತರಿ ಹಾಕಿತು.

2004ರಲ್ಲಿ ಸಿಬಿಸಿ ದೂರದರ್ಶನ ನಡೆಸಿದ ಮತದಾನದಲ್ಲಿ ವೀಕ್ಷಕರು ಡಗ್ಲಸ್ ಅವರನ್ನು ಅತ್ಯಂತ ಶ್ರೇಷ್ಠ ಕೆನಡಿಯನ್ ಎಂದು ಆರಿಸಿದರು. ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕಾದ ಸ್ಥಿತಿ, ಔಷಧ ಮತ್ತು ಹಲ್ಲಿನ ಚಿಕಿತ್ಸೆಯನ್ನು ಮೂಲ ಯೋಜನೆಯಿಂದ ಹೊರಗಿಟ್ಟದ್ದು, ಖಾಸಗಿ ಕ್ಲಿನಿಕ್‌ಗಳ ಪಾತ್ರ: ಇವು ಕೆನಡಾದಲ್ಲಿ ಈಗಲೂ ಚರ್ಚೆಯಲ್ಲಿರುವ ವಿಷಯಗಳು.