ಕೆಳಗಿನಿಂದ ಬರುವ ಹಣ: ವಾಲ್‌ಡಾರ್ಫ್, ರೈನ್-ನೆಕರ್ ಜಿಲ್ಲಾ ಮಂಡಳಿ ಮತ್ತು ನಮ್ಮ ಜಿಲ್ಲಾ ಪಂಚಾಯತಿ

ಕರ್ನಾಟಕದ ಜಿಲ್ಲಾ ಪಂಚಾಯತಿಗಳ ದೌರ್ಬಲ್ಯದ ಮಾತು ಬಂದಾಗಲೆಲ್ಲ ಒಂದು ಕಾರಣವನ್ನು ಎಲ್ಲರೂ ಹೇಳುತ್ತಾರೆ: ಅವಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ. ಮಾತು ನಿಜ. ತೆರಿಗೆಯ ಹಕ್ಕು ಇರುವುದು ಗ್ರಾಮ ಪಂಚಾಯತಿಗೆ. ಜಿಲ್ಲಾ ಮಟ್ಟದ ಸಂಸ್ಥೆ ಸರ್ಕಾರದ ಅನುದಾನವನ್ನೇ ನೆಚ್ಚಿಕೊಂಡಿದೆ. ಆದರೆ ದೌರ್ಬಲ್ಯಕ್ಕೆ ಇದೇ ಕಾರಣ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನೈಋತ್ಯ ಜರ್ಮನಿಯ ರೈನ್-ನೆಕರ್ ಜಿಲ್ಲಾ ಮಂಡಳಿಗೂ ಹೇಳಿಕೊಳ್ಳುವಂಥ ಸ್ವಂತ ತೆರಿಗೆಯಿಲ್ಲ. ಆದರೂ ಅದರ ದಿನನಿತ್ಯದ ಕಲಾಪ ನಮ್ಮದಕ್ಕಿಂತ ಬೇರೆಯೇ ರೀತಿಯಲ್ಲಿ ಸಾಗುತ್ತದೆ. ಆ ಜಿಲ್ಲೆಯ ಅತ್ಯಂತ ಸಿರಿವಂತ ಊರುಗಳಲ್ಲಿ ಒಂದಾದ ವಾಲ್‌ಡಾರ್ಫ್‌ನಿಂದ ಹಣ ಹರಿಯುವ ದಾರಿಯನ್ನು ಹಿಡಿದು ಹೋದರೆ ಈ ವ್ಯತ್ಯಾಸದ ಮೂಲ ಕಾಣುತ್ತದೆ.

ವಾಲ್‌ಡಾರ್ಫ್ ಹೈಡಲ್‌ಬರ್ಗ್‌ನ ದಕ್ಷಿಣಕ್ಕಿರುವ ಸಣ್ಣ ಊರು. ಜನಸಂಖ್ಯೆ ಹದಿನೈದು ಸಾವಿರದ ಆಸುಪಾಸು. 770ರಷ್ಟು ಹಿಂದೆಯೇ ಲೋರ್ಶ್ ಮಠದ ದಾಖಲೆಯಲ್ಲಿ ಅದರ ಹೆಸರಿದೆ. 1763ರಲ್ಲಿ ಇಲ್ಲಿನ ಕಟುಕನೊಬ್ಬನ ಮನೆಯಲ್ಲಿ ಹುಟ್ಟಿದ ಯೋಹಾನ್ ಯಾಕೋಬ್ ಆಸ್ಟರ್ ಅಮೆರಿಕಕ್ಕೆ ಹೋಗಿ ತುಪ್ಪಳದ ವ್ಯಾಪಾರದಲ್ಲಿ ಕೋಟ್ಯಧೀಶನಾದ. 1848ರಲ್ಲಿ ತೀರಿಕೊಂಡಾಗ ಹುಟ್ಟೂರಿನ ಬಡವರಿಗೆಂದು 50,000 ಡಾಲರ್ ಬಿಟ್ಟುಹೋಗಿದ್ದ. ಆ ಹಣದಿಂದ ಕಟ್ಟಿದ ಆಸ್ಟರ್ ಮನೆ 1854ರಲ್ಲಿ ತೆರೆಯಿತು. ಊರಿಗೆ ಎರಡನೆಯ ಸಿರಿ ಬಂದದ್ದು 1977ರಲ್ಲಿ. ಐಬಿಎಂ ಬಿಟ್ಟ ಐವರು ಎಂಜಿನಿಯರುಗಳು 1972ರಲ್ಲಿ ಕಟ್ಟಿದ ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿ ಆ ವರ್ಷ ಇಲ್ಲಿಗೆ ನೆಲೆ ಬದಲಿಸಿತು. ಅದರ ಬೆಂಗಳೂರು ಶಾಖೆ 1998ರಲ್ಲಿ ಶುರುವಾದ ಮೇಲೆ ವೈಟ್‌ಫೀಲ್ಡ್‌ಗೂ ವಾಲ್‌ಡಾರ್ಫ್‌ಗೂ ನಡುವೆ ಓಡಾಟ ಬೆಳೆಯಿತು. ಈ ಊರಿನಲ್ಲೂ ಪಕ್ಕದ ವೀಸ್ಲೋಖ್‌ನಲ್ಲೂ ಕನ್ನಡ ಕಿವಿಗೆ ಬೀಳುವುದು ಹೀಗೆ.

ಜರ್ಮನಿಯಲ್ಲಿ ಉದ್ಯಮ ತೆರಿಗೆ ಸೇರುವುದು ಊರಿನ ಆಡಳಿತಕ್ಕೆ. ಒಂದೊಂದು ಕಂಪನಿ ಎಷ್ಟು ಕಟ್ಟಿತೆಂಬುದು ತೆರಿಗೆ ಗೋಪ್ಯತೆಯ ಕಾನೂನಿನ ಮರೆಯಲ್ಲಿರುತ್ತದೆ, ಆದರೆ ತೆರಿಗೆಯ ದರ ಬಹಿರಂಗ. ವಾಲ್‌ಡಾರ್ಫ್‌ನ ದರ ಬಹುಕಾಲ ಶೇ. 265ರಲ್ಲಿ ನಿಂತಿತ್ತು, ಹೈಡಲ್‌ಬರ್ಗ್‌ನದು 400. ಈ ಸಂಖ್ಯೆಗಳು ಏನು ಮಾಡುತ್ತವೆ ಎಂಬುದನ್ನು ಕಾಗದದ ಮೇಲೆ ಬಿಡಿಸಿ ನೋಡಬೇಕು. ಒಂದು ಕಂಪನಿಯ ತೆರಿಗೆಯೋಗ್ಯ ಲಾಭ 1,00,000 ಯೂರೊ ಎನ್ನೋಣ. ಫೆಡರಲ್ ಕಾನೂನಿನಂತೆ ಅದರ ಶೇ. 3.5, ಅಂದರೆ 3,500 ಯೂರೊ, ಲೆಕ್ಕದ ಮೂಲಾಂಕ. ಊರಿನ ಮಂಡಳಿ ತನ್ನ ದರದಿಂದ ಅದನ್ನು ಗುಣಿಸುತ್ತದೆ: ವಾಲ್‌ಡಾರ್ಫ್‌ನಲ್ಲಿ 9,275 ಯೂರೊ, ಹೈಡಲ್‌ಬರ್ಗ್‌ನಲ್ಲಿ 14,000. ಮೂಲಾಂಕದ ಶೇ. 35ನ್ನು, ಇಲ್ಲಿ 1,225 ಯೂರೊವನ್ನು, ಒಕ್ಕೂಟ ಮತ್ತು ರಾಜ್ಯ ಸರ್ಕಾರಗಳಿಗೆ ಕೊಡಬೇಕು. ವಾಲ್‌ಡಾರ್ಫ್ ಕೈಯಲ್ಲಿ ಉಳಿಯುವುದು 8,050.

ಕುತೂಹಲದ ಸಂಗತಿ ಇನ್ನು ಮುಂದಿದೆ. ಊರುಗಳು ಜಿಲ್ಲೆಗೂ ಒಂದು ಪಾಲು ಕಟ್ಟಬೇಕು. ಅದನ್ನು ಲೆಕ್ಕ ಹಾಕುವಾಗ ಊರು ನಿಜವಾಗಿ ವಸೂಲು ಮಾಡಿದ್ದನ್ನು ಯಾರೂ ಕೇಳುವುದಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಹಣಕಾಸು ಸಮೀಕರಣ ಕಾನೂನು ಎಲ್ಲ ಊರುಗಳಿಗೂ ಶೇ. 290ರ ಒಂದೇ ದರ ಹಿಡಿದು ತೆರಿಗೆ ಸಾಮರ್ಥ್ಯವನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ವಾಲ್‌ಡಾರ್ಫ್‌ನ ಸಾಮರ್ಥ್ಯ, 1,225 ಕಳೆದ ಮೇಲೆ, 8,925 ಯೂರೊ. ಎಂದರೆ ಊರು ವಸೂಲೇ ಮಾಡದ 875 ಯೂರೊವಿನ ಮೇಲೂ ಪಾಲು ಕಟ್ಟುತ್ತದೆ. ಲೆಕ್ಕ ಸುಲಭವಾಗಲೆಂದು ಜಿಲ್ಲೆಯ ಪಾಲು ಶೇ. 30 ಎಂದಿಟ್ಟುಕೊಂಡರೆ ಸುಮಾರು 2,678 ಯೂರೊ ಮೇಲಕ್ಕೆ ಹೋಗುತ್ತದೆ. ದರ ಇಳಿಸುವ ಸ್ವಾತಂತ್ರ್ಯ ಊರಿಗಿದೆ, ಆದರೆ ಆ ಔದಾರ್ಯದ ಬೆಲೆಯನ್ನು ನೆರೆಯೂರುಗಳ ತಲೆಗೆ ಕಟ್ಟುವಂತಿಲ್ಲ. ಇದಲ್ಲದೆ ಈ ಲೆಕ್ಕ ಎರಡು ವರ್ಷ ಹಿಂದಿನ ವರಮಾನವನ್ನು ಆಧರಿಸುತ್ತದೆ. ಕಂಪನಿಗೆ ಲಾಭವಾದ ವರ್ಷದ ಪಾಲನ್ನು, ಅದು ನಷ್ಟದಲ್ಲಿರಬಹುದಾದ ವರ್ಷದಲ್ಲಿ ಕಟ್ಟಬೇಕು. ಒಂದೇ ದೊಡ್ಡ ತೆರಿಗೆದಾರನನ್ನು ನಂಬಿದ ಊರು ಒಳ್ಳೆಯ ವರ್ಷದ ಹಣವನ್ನು ಖರ್ಚು ಮಾಡದೆ ತೆಗೆದಿಡಲೇಬೇಕಾದ ಅನಿವಾರ್ಯ ಇಲ್ಲಿಂದ ಹುಟ್ಟುತ್ತದೆ. (2025ರಲ್ಲಿ ಬರ್ಲಿನ್‌ನ ಸಮ್ಮಿಶ್ರ ಸರ್ಕಾರದ ಒಪ್ಪಂದ ದೇಶದ ಕನಿಷ್ಠ ದರವನ್ನು 200ರಿಂದ 280ಕ್ಕೆ ಏರಿಸುವ ಮಾತಾಡಿತು. 265ರ ಊರಿಗೆ ಅದು ನೇರವಾಗಿ ತಟ್ಟುವ ಮಾತು.)

ಈ ಪಾಲನ್ನು ಪಡೆಯುವ ರೈನ್-ನೆಕರ್ ಜಿಲ್ಲೆ 1973ರ ಜನವರಿ 1ರಂದು, ಜಿಲ್ಲೆಗಳ ಮರುವಿಂಗಡಣೆಯಲ್ಲಿ ರೂಪುಗೊಂಡಿತು. ಅದರಲ್ಲಿ 54 ಊರುಗಳಿವೆ, ಐದೂವರೆ ಲಕ್ಷದಷ್ಟು ಜನರಿದ್ದಾರೆ. ಕಚೇರಿ ಇರುವುದು ಹೈಡಲ್‌ಬರ್ಗ್‌ನಲ್ಲಿ, ಆದರೆ ಹೈಡಲ್‌ಬರ್ಗ್ ಈ ಜಿಲ್ಲೆಗೆ ಸೇರಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕಚೇರಿಗಳು ಬಹುಕಾಲ ನಗರದೊಳಗೇ ಇದ್ದ ಹಾಗೆ. ಐದು ವರ್ಷಕ್ಕೊಮ್ಮೆ ಆರಿಸಿ ಬರುವ ಜಿಲ್ಲಾ ಮಂಡಳಿಗೆ, ಅಂದರೆ ಕ್ರೈಸ್‌ಟಾಗ್‌ಗೆ, ಕೊನೆಯ ಚುನಾವಣೆ 2024ರ ಜೂನ್ 9ರಂದು ನಡೆಯಿತು. ಸದಸ್ಯರಿಗೆ ಸಂಬಳವಿಲ್ಲ, ಭತ್ಯೆ ಮಾತ್ರ. ಆಡಳಿತದ ಮುಖ್ಯಸ್ಥ ಲಾಂಡ್‌ರಾಟ್‌ನನ್ನು ಈ ಮಂಡಳಿಯೇ ಎಂಟು ವರ್ಷಕ್ಕೆ ಆರಿಸುತ್ತದೆ. 2010ರಲ್ಲಿ ಆ ಸ್ಥಾನಕ್ಕೆ ಸ್ಟೆಫಾನ್ ಡಾಲಿಂಗರ್ ಬಂದರು. ಸಭೆಯ ಅಧ್ಯಕ್ಷತೆ ಲಾಂಡ್‌ರಾಟ್‌ನದು, ಮತ ಮಾತ್ರ ಇಲ್ಲ.

ನನ್ನ ವಾದಕ್ಕೆ ಇವೆಲ್ಲಕ್ಕಿಂತ ಮುಖ್ಯವಾದದ್ದು, ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಊರಿನ ಮೇಯರ್ ಜಿಲ್ಲಾ ಮಂಡಳಿಗೂ ಸ್ಪರ್ಧಿಸಬಹುದು ಎಂಬುದು. ಮತದಾರ ಒಬ್ಬನೇ ಅಭ್ಯರ್ಥಿಗೆ ಮೂರು ಮತಗಳವರೆಗೆ ಕೊಡಬಹುದಾದ್ದರಿಂದ ಹೆಸರು ಗೊತ್ತಿದ್ದವರೇ ಗೆಲ್ಲುತ್ತಾರೆ. ಮೇಯರ್‌ಗಳು ದೊಡ್ಡ ಸಂಖ್ಯೆಯಲ್ಲಿ ಆರಿಸಿ ಬರುತ್ತಾರೆ. ಪಾಲು ಕಟ್ಟುವವರೇ ಪಾಲಿನ ದರ ಗೊತ್ತುಮಾಡುವ ಮೇಜಿನಲ್ಲಿ ಕೂರುತ್ತಾರೆ. ಹಿತಾಸಕ್ತಿಯ ಸಂಘರ್ಷ ಎಂದು ಇದನ್ನು ಟೀಕಿಸುವವರಿದ್ದಾರೆ, ಟೀಕೆಯಲ್ಲಿ ಹುರುಳೂ ಇದೆ. ಆದರೆ ಜಿಲ್ಲೆಯ ಪ್ರತಿ ಹೊಸ ಹುದ್ದೆಗೂ ಪ್ರತಿ ಹೊಸ ಕಟ್ಟಡಕ್ಕೂ ‘ಇದು ಬೇಕೇ?’ ಎಂದು ಕೇಳುವ ಕಾರಣ ಇರುವವರು ಸಭೆಯೊಳಗೇ ಇರುತ್ತಾರೆ ಎಂಬುದೂ ಅಷ್ಟೇ ನಿಜ.

ಕಾರ್ಯಸೂಚಿಯಲ್ಲಿ ರೋಮಾಂಚನದ ವಿಷಯಗಳೇನೂ ಇರುವುದಿಲ್ಲ. ವೃತ್ತಿಶಿಕ್ಷಣ ಶಾಲೆಗಳ ದುರಸ್ತಿ, ಜಿಲ್ಲಾ ರಸ್ತೆಗಳ ಡಾಂಬರು, ಬಸ್ ಮಾರ್ಗಗಳ ಗುತ್ತಿಗೆ, ವೈನ್‌ಹೈಮ್, ಶ್ವೆಟ್ಸಿಂಗೆನ್, ಸಿನ್ಸ್‌ಹೈಮ್, ಎಬರ್‌ಬಾಖ್‌ಗಳಲ್ಲಿರುವ ಜಿಲ್ಲೆಯ ಆಸ್ಪತ್ರೆಗಳ ವಾರ್ಷಿಕ ಲೆಕ್ಕ. ಇವುಗಳ ನಡುವೆ ಎರಡು ಬಾಬುಗಳು ನನ್ನ ಗಮನ ಸೆಳೆದವು. ಒಂದು ದೇಣಿಗೆ ಸ್ವೀಕಾರ. ಯಾರಾದರೂ ಶಾಲೆಗೊಂದು ಯಂತ್ರವನ್ನೋ ಸ್ವಲ್ಪ ಹಣವನ್ನೋ ಕೊಟ್ಟರೆ ಅದನ್ನು ಅಧಿಕಾರಿ ತಾನೇ ತೆಗೆದುಕೊಳ್ಳುವಂತಿಲ್ಲ. ಪಟ್ಟಿ ಸಭೆಗೆ ಬಂದು ಒಪ್ಪಿಗೆ ಪಡೆಯಬೇಕು. ಕೊಡುಗೆಯ ಹೆಸರಿನಲ್ಲಿ ಅಧಿಕಾರಿಗಳ ಮೇಲೆ ಲಂಚದ ನೆರಳು ಬೀಳದಿರಲೆಂದು ರಾಜ್ಯದ ಪೌರಾಡಳಿತ ಸಂಹಿತೆಗೆ ಸೇರಿಸಿದ ನಿಯಮ ಇದು. ಇನ್ನೊಂದು ಕಸದ ಶುಲ್ಕ. ಜಿಲ್ಲೆ ಅದರಲ್ಲಿ ಲಾಭ ಮಾಡುವಂತಿಲ್ಲ. ವೆಚ್ಚಕ್ಕಿಂತ ಹೆಚ್ಚು ವಸೂಲಾದರೆ ಮುಂದಿನ ಐದು ವರ್ಷಗಳೊಳಗೆ ಶುಲ್ಕದಲ್ಲಿಯೇ ಸರಿದೂಗಿಸಬೇಕು. ಹಾಗಾಗಿ ಒಂದು ಕಸದ ಡಬ್ಬಿಯ ದರದ ಹಿಂದೆ ಪುಟಗಟ್ಟಲೆ ಲೆಕ್ಕ ಇರುತ್ತದೆ, ಸದಸ್ಯರು ಅದನ್ನು ಓದಿಕೊಂಡು ಬರಬೇಕಾಗುತ್ತದೆ. ಅಂದಾಜನ್ನು ಮೀರಿದ ಗಣನೀಯ ಖರ್ಚಿಗೆ ಮಂಡಳಿಯ ಅಥವಾ ಅದರ ಸಮಿತಿಯ ಒಪ್ಪಿಗೆ ಬೇಕು. ಲಾಂಡ್‌ರಾಟ್ ಸ್ವಂತ ಸಹಿಯಿಂದ ಎಷ್ಟರವರೆಗೆ ಖರ್ಚು ಮಾಡಬಹುದು ಎಂಬುದನ್ನು ಮಂಡಳಿಯೇ ಮಾಡಿದ ಮೂಲ ನಿಯಮಾವಳಿ ಯೂರೊ ಲೆಕ್ಕದಲ್ಲಿ ಹೇಳುತ್ತದೆ.

ಶರತ್ಕಾಲ ಬಜೆಟ್ಟಿನ ಕಾಲ. ಕರಡು ಸಭೆಯ ಮುಂದೆ ಬರುತ್ತದೆ, ಸಮಿತಿಗಳಿಗೆ ಹೋಗುತ್ತದೆ. ಪ್ರತಿ ಪಕ್ಷದ ನಾಯಕರು ದೀರ್ಘ ಭಾಷಣ ಮಾಡುತ್ತಾರೆ. ವಾದವೆಲ್ಲ ಕೊನೆಗೆ ಬಂದು ನಿಲ್ಲುವುದು ಪಾಲಿನ ದರದ ಮೇಲೆ. ಕಾನೂನಿನ ಪ್ರಕಾರ ಜಿಲ್ಲೆ ತನ್ನ ಇತರ ವರಮಾನ ಸಾಲದಿದ್ದಷ್ಟಕ್ಕೆ ಮಾತ್ರ ಊರುಗಳನ್ನು ಕೇಳಬಹುದು. ಊರುಗಳ ಪರವಾಗಿ ಲೈಪ್‌ಜಿಗ್‌ನ ಫೆಡರಲ್ ಆಡಳಿತ ನ್ಯಾಯಾಲಯವೂ ಮಾತಾಡಿದೆ. ಊರು ತನ್ನ ಕನಿಷ್ಠ ಕೆಲಸವನ್ನೂ ಮಾಡಲಾಗದಷ್ಟು ಪಾಲು ಹಿಂಡಬಾರದೆಂದು 2013ರಲ್ಲಿ ಹೇಳಿತು. ದರ ಗೊತ್ತುಮಾಡುವ ಮೊದಲು ಊರುಗಳ ಅಗತ್ಯವನ್ನೂ ವಿಚಾರಿಸಿ ತೂಗಬೇಕೆಂದು 2019ರಲ್ಲಿ ಹೇಳಿತು.

ಇದನ್ನು ಆದರ್ಶವೆಂದು ಎತ್ತಿ ಹಿಡಿಯಲು ನನಗೆ ಮನಸ್ಸಿಲ್ಲ. ಜರ್ಮನ್ ಜಿಲ್ಲೆಗಳ ಖರ್ಚಿನ ಅತಿ ದೊಡ್ಡ ಭಾಗ ಸಾಮಾಜಿಕ ನೆರವಿನದು: ಅಂಗವಿಕಲರ ಸಬಲೀಕರಣ, ಮಕ್ಕಳ ಮತ್ತು ಯುವಜನರ ರಕ್ಷಣೆ, ವೃದ್ಧರ ಆರೈಕೆ. ಯಾರಿಗೆ ಎಷ್ಟು ಎಂಬುದನ್ನು ಬರ್ಲಿನ್‌ನ ಕಾನೂನು ನಿರ್ಧರಿಸುತ್ತದೆ. ಬಿಲ್ಲು ಜಿಲ್ಲೆಗೆ ಬರುತ್ತದೆ. ಮಂಡಳಿ ಗಂಟೆಗಟ್ಟಲೆ ಚರ್ಚಿಸುವುದು ಉಳಿದ ಸಣ್ಣ ಭಾಗದ ಮೇಲೆ. ಪ್ರಾತಿನಿಧ್ಯದ ಕೊರತೆಯೂ ಇದೆ. ವಾಲ್‌ಡಾರ್ಫ್‌ನ ಕನ್ನಡ ಕುಟುಂಬ ಜಿಲ್ಲಾ ಕಚೇರಿಯನ್ನು ಬಲ್ಲದು: ಕಾರಿನ ‘ಎಚ್‌ಡಿ’ ಫಲಕ, ಭಾರತೀಯ ಚಾಲನಾ ಪರವಾನಗಿಯ ಬದಲಾವಣೆ ಎರಡೂ ಅಲ್ಲಿಯವೇ. ಇಟಲಿಯಿಂದಲೋ ಪೋಲೆಂಡಿನಿಂದಲೋ ಬಂದ ನೆರೆಯವರು ಐರೋಪ್ಯ ಒಕ್ಕೂಟದ ಪ್ರಜೆಗಳಾಗಿ ಮಂಡಳಿಗೆ ಮತ ಹಾಕುತ್ತಾರೆ. ಭಾರತದ ಪಾಸ್‌ಪೋರ್ಟ್ ಇದ್ದವರು ಎಷ್ಟು ವರ್ಷ ತೆರಿಗೆ ಕಟ್ಟಿದರೂ ಹಾಕುವಂತಿಲ್ಲ. 2024ರ ಜೂನ್‌ನಿಂದ ಜರ್ಮನಿ ದ್ವಿಪೌರತ್ವವನ್ನು ಒಪ್ಪುತ್ತಿದೆ, ಭಾರತ ಒಪ್ಪುವುದಿಲ್ಲ.

ಈಗ ನಮ್ಮ ಕಡೆ ನೋಡೋಣ. ಹಳೆಯ ಮೈಸೂರಿನ ಜಿಲ್ಲಾ ಬೋರ್ಡುಗಳ ಜಾಗದಲ್ಲಿ 1959ರ ಕಾಯ್ದೆ ಸಲಹೆ ಕೊಡುವುದಷ್ಟನ್ನೇ ಬಲ್ಲ ಜಿಲ್ಲಾ ಅಭಿವೃದ್ಧಿ ಪರಿಷತ್ತನ್ನು ತಂದಿತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಹುಟ್ಟಿದವು. ಇಲಾಖೆಗಳೂ ಅವುಗಳ ಹಣವೂ ಜಿಲ್ಲೆಗೆ ಬಂದವು. ಅದು ದೊಡ್ಡ ಹೆಜ್ಜೆಯೇ. ಆದರೆ ಹಣದ ದಾರಿ ಬದಲಾಗಲಿಲ್ಲ, 1993ರ ಕಾಯ್ದೆಯಲ್ಲೂ ಬದಲಾಗಲಿಲ್ಲ. ರಾಜ್ಯ ಬಜೆಟ್ಟಿನ ಜೊತೆ ಬರುವ ‘ಲಿಂಕ್ ಡಾಕ್ಯುಮೆಂಟ್’ ಯಾವ ಜಿಲ್ಲೆಗೆ ಯಾವ ಲೆಕ್ಕಶೀರ್ಷಿಕೆಯಡಿ ಎಷ್ಟೆಂದು ಮೊದಲೇ ಬರೆದಿರುತ್ತದೆ. ದೊಡ್ಡ ಪಾಲು ಶಿಕ್ಷಕರ, ಸಿಬ್ಬಂದಿಯ ಸಂಬಳ. ಸಭೆಗೆ ಉಳಿಯುವುದು ಕ್ರಿಯಾಯೋಜನೆಗೆ ಅನುಮೋದನೆ.

ನಮ್ಮ ಸಾಮಾನ್ಯ ಸಭೆಯ ನಡಾವಳಿ ಓದಿದವರಿಗೆ ಅದರ ಧಾಟಿ ಪರಿಚಿತ: ಹಿಂದಿನ ನಡಾವಳಿಯ ದೃಢೀಕರಣ, ಅನುಪಾಲನಾ ವರದಿ, ಇಲಾಖಾವಾರು ಪ್ರಗತಿ ಪರಿಶೀಲನೆ, ಕೆಲವು ಘಟನೋತ್ತರ ಮಂಜೂರಾತಿ. ಸದಸ್ಯರು ಸಿಟ್ಟಾಗುವುದು ಅಧಿಕಾರಿ ಬರಲಿಲ್ಲವೆಂದು, ಕೊಳವೆಬಾವಿ ಕೊರೆಯಲಿಲ್ಲವೆಂದು, ಮಾರ್ಚ್ ಹತ್ತಿರವಾದರೂ ಅನುದಾನ ಬಿಡುಗಡೆಯಾಗಿಲ್ಲವೆಂದು. ಈ ಸಿಟ್ಟು ನ್ಯಾಯವಾದದ್ದೇ. ಆದರೆ ‘ಇಷ್ಟು ಹಣ ಬೇಕಾಗಿಲ್ಲ’ ಎಂದು ಎದ್ದು ನಿಲ್ಲುವವರು ಸಿಗುವುದಿಲ್ಲ; ನಿಲ್ಲಲು ಅವರಿಗೆ ಕಾರಣವಾದರೂ ಏನಿದೆ? ಬೇಡವೆಂದ ಹಣ ಲ್ಯಾಪ್ಸ್ ಆಗುತ್ತದೆ, ಯಾರ ಜೇಬಿಗೂ ಹಿಂದಿರುಗುವುದಿಲ್ಲ. ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿ ಕಾಯ್ದೆಯಲ್ಲೇ ಇದ್ದರೂ ಅದರ ಮುಂದೆ ತಗಾದೆ ಹೂಡುವ ಎದುರು ಪಕ್ಷವೇ ಇಲ್ಲ.

2016ರಲ್ಲಿ ಆರಿಸಿ ಬಂದ ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ಪ್ರಕರಣಗಳ ನಡುವೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. ಹದಿನೈದನೇ ಹಣಕಾಸು ಆಯೋಗ ಮೂರೂ ಹಂತಗಳಿಗೆ ಹಂಚಿದ್ದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿದ್ದುದರಿಂದ ಆ ಬಾಬಿನಲ್ಲಿ ಪೆಟ್ಟು ಬಿತ್ತು. ಉಳಿದದ್ದಕ್ಕೆ ತಡೆಯಿರಲಿಲ್ಲ. ಸಂಬಳ ಖಜಾನೆಯಿಂದ ಹೋಯಿತು, ಕ್ರಿಯಾಯೋಜನೆಗೆ ಸಹಿ ಬಿತ್ತು. ಅತ್ತ ಜರ್ಮನ್ ಜಿಲ್ಲೆಯಲ್ಲಿ ಮಂಡಳಿ ಬಜೆಟ್ ನಿಯಮಾವಳಿಯನ್ನು ಅಂಗೀಕರಿಸದಿದ್ದರೆ ಕಾನೂನಿನಂತೆ ಕೊಡಲೇಬೇಕಾದದ್ದನ್ನೂ ಮುಂದೂಡಲಾಗದ ಕೆಲಸವನ್ನೂ ಬಿಟ್ಟು ಹೊಸದೇನನ್ನೂ ಶುರು ಮಾಡುವಂತಿಲ್ಲ. ಚುನಾಯಿತ ಸಭೆ ಇಲ್ಲದಿರುವುದು ಅಲ್ಲಿ ಖರ್ಚಿನಲ್ಲಿ ಕೂಡಲೇ ಕಾಣುತ್ತದೆ. ಇಲ್ಲಿ ಅದನ್ನು ಪತ್ತೆ ಹಚ್ಚಲು ದಾಖಲೆ ತೆರೆದು ನೋಡಬೇಕು.

ಹಾಗೆಂದು ಕರ್ನಾಟಕದಲ್ಲಿ ಕೆಳಗಿನಿಂದ ಮೇಲಕ್ಕೆ ಹಣ ಹರಿಯುವುದೇ ಇಲ್ಲ ಎನ್ನುವಂತಿಲ್ಲ. ಗ್ರಾಮ ಪಂಚಾಯತಿ ಮನೆ ಕಂದಾಯದ ಜೊತೆ ಉಪಕರಗಳನ್ನು ವಸೂಲು ಮಾಡುತ್ತದೆ: ಆರೋಗ್ಯಕ್ಕೆ ಶೇ. 15, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ನೂರು ರೂಪಾಯಿ ಕಂದಾಯಕ್ಕೆ ಮೂವತ್ತನಾಲ್ಕು ರೂಪಾಯಿ ಹೀಗೆ ಮೇಲಕ್ಕೆ ಹೋಗುತ್ತದೆ. ವಾಲ್‌ಡಾರ್ಫ್‌ನ ಪಾಲಿಗೆ ನಮ್ಮಲ್ಲಿ ಇದಕ್ಕಿಂತ ಹತ್ತಿರವಾದದ್ದು ಇಲ್ಲ. ಆರೋಗ್ಯ, ಶಿಕ್ಷಣ ಎರಡೂ ಜಿಲ್ಲಾ ಪಂಚಾಯತಿಯ ವಿಷಯಗಳೇ, ಅವಕ್ಕೆ ಪ್ರತ್ಯೇಕ ಸ್ಥಾಯಿ ಸಮಿತಿಯೂ ಇದೆ. ಆದರೆ ಈ ಉಪಕರ ಜಿಲ್ಲಾ ಪಂಚಾಯತಿಯ ಮೇಜನ್ನು ಹಾಯದೆ ಸರ್ಕಾರದ, ಇಲಾಖೆಗಳ ಖಾತೆ ಸೇರುತ್ತದೆ. ಅದರ ದರವನ್ನು ಯಾವ ಪಂಚಾಯತಿಯೂ ಚರ್ಚಿಸುವುದಿಲ್ಲ. ಕಟ್ಟಿದ ಗ್ರಾಮ ಪಂಚಾಯತಿಯ ಅಧ್ಯಕ್ಷರಿಗೆ ಜಿಲ್ಲಾ ಪಂಚಾಯತಿಯಲ್ಲಿ ಆಸನವಿಲ್ಲ. ತಾಲ್ಲೂಕು ಪಂಚಾಯತಿಯಲ್ಲಿ ಮಾತ್ರ ಅವರಲ್ಲಿ ಐದರಲ್ಲೊಂದು ಪಾಲಿನವರಿಗೆ, ಚೀಟಿ ಎತ್ತಿ, ಒಂದು ವರ್ಷದ ಮಟ್ಟಿಗೆ ಜಾಗ ಸಿಗುತ್ತದೆ.