ಹಂದಿಗಳ ವೈರಸ್ ರೋಗದ ನಿಗಾ: ಮಾದರಿ ಯಾರದು, ತಂದವರು ಯಾರು?

ಹಂದಿಗಳಲ್ಲಿ ರೋಗದ ನಿಗಾ ಎಂದಕೂಡಲೇ ಈಗ ಯಂತ್ರದ ಮಾತು ಶುರುವಾಗುತ್ತದೆ. ಯಾವ ವಿಚಾರಸಂಕಿರಣಕ್ಕೆ ಹೋದರೂ ಎಷ್ಟು ಪಿಸಿಆರ್ ಯಂತ್ರ ಬಂತು, ಫಲಿತಾಂಶ ಎಷ್ಟು ಗಂಟೆಯಲ್ಲಿ ಸಿಗುತ್ತದೆ, ಕೆಮ್ಮಿನ ಸದ್ದು ಗುರುತಿಸುವ ಸೆನ್ಸರ್ ಯಾವಾಗ ಕೈಗೆಟುಕುತ್ತದೆ ಎಂಬ ಚರ್ಚೆಯೇ. ಯಂತ್ರಕ್ಕೆ ಹಾಕಿದ ಮಾದರಿ ಯಾವ ಹಂದಿಯದು, ಅದನ್ನು ತಂದವರು ಯಾರು ಎಂದು ಕೇಳುವವರು ಕಡಿಮೆ. ಈ ಕ್ಷೇತ್ರದಲ್ಲೇ ಬದುಕು ಸವೆಸಿದ ನನ್ನಂಥವರಿಗೆ ಇದು ನೋವಿನ ಸಂಗತಿ. ಏಕೆಂದರೆ ಇಲ್ಲಿ ಆದ ನಿಜವಾದ ಪ್ರಗತಿಯೆಲ್ಲ ಆ ಪ್ರಶ್ನೆ ಕೇಳಿದವರಿಂದಲೇ ಆಯಿತು.

ಆರಂಭದ ಕಥೆಯನ್ನು ಬೇಗ ಹೇಳಿಬಿಡಬಹುದು. ಹಂದಿ ಜ್ವರಕ್ಕೆ ಕಾರಣ ಬ್ಯಾಕ್ಟೀರಿಯಾ ತಡೆಯುವ ಫಿಲ್ಟರಿನಿಂದಲೂ ಪಾರಾಗಿ ಹೋಗುವ ವೈರಸ್ ಎಂದು ಅಮೆರಿಕದ ಡಿ ಶ್ವೈನಿಟ್ಜ್ ಮತ್ತು ಡಾರ್ಸೆಟ್ 1903ರಲ್ಲಿ ತೋರಿಸಿದರು. ಆಫ್ರಿಕನ್ ಹಂದಿ ಜ್ವರ ಬೇರೆಯೇ ರೋಗವೆಂದು ಮಾಂಟ್ಗೊಮರಿ 1921ರಲ್ಲಿ ಕೀನ್ಯಾದಿಂದ ವರದಿ ಮಾಡಿದರು. ಮುಂದೆ ದಶಕಗಳ ಕಾಲ ಪಶುವೈದ್ಯರ ಚಾಕು ಮತ್ತು ಕಣ್ಣೇ ನಿಗಾ. ಗುಲ್ಮದ ಅಂಚಿನಲ್ಲಿ ಕಪ್ಪು ಕಲೆ, ಮೂತ್ರಪಿಂಡದ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು, ದೊಡ್ಡ ಕರುಳಿನೊಳಗೆ ಗುಂಡಿಯಂಥ ಹುಣ್ಣು ಕಂಡರೆ ಹಂದಿ ಜ್ವರವೆಂದು ಬರೆಯುತ್ತಿದ್ದರು. ಅಮೆರಿಕ 1962ರಲ್ಲಿ ನಿರ್ಮೂಲನೆಗೆ ಇಳಿದು 1978ರಲ್ಲಿ ರೋಗಮುಕ್ತವಾಯಿತು. ಪಿಸಿಆರ್ ಆಗ ಹುಟ್ಟಿರಲೇ ಇಲ್ಲ ಎಂಬುದನ್ನು ಇಂದಿನ ಯಂತ್ರಪ್ರಿಯರು ನೆನಪಿಡಬೇಕು.

1971ರಲ್ಲಿ ರಕ್ತದಲ್ಲಿ ಪ್ರತಿಕಾಯ ಗುರುತಿಸುವ ಎಲೈಸಾ ಪರೀಕ್ಷೆ ಬಂದಮೇಲೆ ನೂರಾರು ಸೀರಂ ಮಾದರಿಗಳನ್ನು ಒಟ್ಟಿಗೆ ನೋಡುವುದು ಸಾಧ್ಯವಾಯಿತು. ಅದರ ಜೊತೆಗೆ ‘ಹಿಂಡಿಗೆ ಮೂವತ್ತು’ ಎಂಬ ಲೆಕ್ಕವೂ ರೂಢಿಗೆ ಬಂತು. ನೂರಕ್ಕೆ ಹತ್ತು ಹಂದಿಗೆ ಸೋಂಕಿದ್ದರೆ, ಯಾದೃಚ್ಛಿಕವಾಗಿ ಆರಿಸಿದ ಮೂವತ್ತರಲ್ಲಿ ಒಂದಾದರೂ ಸಿಕ್ಕುವ ಸಂಭವ ಶೇ. 95. ಲೆಕ್ಕ ಸರಿಯಾಗಿಯೇ ಇದೆ, ಅದನ್ನು ಬಳಸಿದ ರೀತಿ ಸರಿಯಿಲ್ಲ. 500 ಹಂದಿಗಳ ಫಾರಂನಲ್ಲಿ ಎರಡಕ್ಕೆ ಮಾತ್ರ ಸೋಂಕು ತಗುಲಿದೆ ಎನ್ನಿ. ಮೂವತ್ತರ ರಕ್ತ ತೆಗೆದರೆ ನೂರಕ್ಕೆ 88 ಸಲ ಎರಡೂ ತಪ್ಪಿಸಿಕೊಳ್ಳುತ್ತವೆ. ಶುರುವಿನಲ್ಲೇ ಹಿಡಿಯಬೇಕಾದ ರೋಗಕ್ಕೆ ಇದು ಸಾಲದು.

ನನ್ನ ತಲೆಮಾರಿನ ದೃಷ್ಟಿ ಬದಲಿಸಿದ್ದು ಹಂದಿಗಳ ಸಂತಾನೋತ್ಪತ್ತಿ ಮತ್ತು ಉಸಿರಾಟ ಕೆಡಿಸುವ ಪಿಆರ್‌ಆರ್‌ಎಸ್ ಎಂಬ ವೈರಸ್ ರೋಗ. 1987ರ ಹೊತ್ತಿಗೆ ಅಮೆರಿಕದಲ್ಲಿ ಗಬ್ಬದ ಹಂದಿಗಳು ಕಂದು ಹಾಕತೊಡಗಿದವು, ಮರಿಗಳು ಉಸಿರಾಡಲಾರದೆ ಸತ್ತವು. 1991ರಲ್ಲಿ ನೆದರ್ಲೆಂಡ್ಸಿನ ಲೆಲಿಸ್ಟಾಡ್‌ನಲ್ಲಿ ವೈರಸ್ ಪತ್ತೆಯಾಯಿತು. ಹಿಂಡಿನೊಳಗೆ ಅಡಗಿ ಕೂತು ಮತ್ತೆ ಮತ್ತೆ ತಲೆಯೆತ್ತುವ ಈ ರೋಗಕ್ಕೆ ಆಗಾಗ ಮಾದರಿ ಬೇಕು. ಆದರೆ ಹಂದಿಯ ರಕ್ತ ತೆಗೆಯುವುದೆಂದರೆ ಮೇಲ್ದವಡೆಗೆ ಕುಣಿಕೆ ಹಾಕಿ ಎಳೆದು ಹಿಡಿಯಬೇಕು. ಅದರ ಕಿರುಚಾಟಕ್ಕೆ ಇಡೀ ಶೆಡ್ಡೇ ಬೆದರುತ್ತದೆ. ವಾರವಾರವೂ ಅದಕ್ಕೆ ಒಪ್ಪುವ ಮಾಲೀಕರಿಲ್ಲ.

ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಜೆಫ್ ಜಿಮ್ಮರ್‌ಮನ್ ಮತ್ತು ಸಂಗಡಿಗರು 2008ರ ಸುಮಾರಿಗೆ ಮುಂದಿಟ್ಟ ಉಪಾಯ ಹತ್ತಿಹಗ್ಗ. ಹಗ್ಗವನ್ನು ಹಂದಿಯ ಭುಜದೆತ್ತರಕ್ಕೆ ನೇತುಬಿಡುತ್ತಾರೆ. ಮೊದಲು ಒಂದು ಹಂದಿ ಮೂಸುತ್ತದೆ, ಇನ್ನೊಂದು ಕಚ್ಚಿ ಎಳೆಯುತ್ತದೆ, ನೋಡನೋಡುತ್ತ ಅಂಕಣದ ಹಂದಿಗಳೆಲ್ಲ ಅಗಿಯಲು ಮುಗಿಬೀಳುತ್ತವೆ. ಇಪ್ಪತ್ತು-ಮೂವತ್ತು ನಿಮಿಷದ ಮೇಲೆ ತೊಯ್ದ ತುದಿಯನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಹಿಂಡಿ, ಚೀಲದ ಮೂಲೆ ಕತ್ತರಿಸಿ ಜೊಲ್ಲನ್ನು ನಳಿಕೆಗೆ ಇಳಿಸಿಕೊಂಡರೆ ಆಯಿತು. ಸೂಜಿಯಿಲ್ಲ, ಕಿರುಚಾಟವಿಲ್ಲ, ಒಂದೇ ನಳಿಕೆಯಲ್ಲಿ ಅಂಕಣದ ಎಷ್ಟೋ ಹಂದಿಗಳ ಸುದ್ದಿ. ನನ್ನ ಮಟ್ಟಿಗೆ ಈ ಕ್ಷೇತ್ರ ಕಂಡ ಅತ್ಯಂತ ಜಾಣ ಉಪಕರಣ ಇದೇ. 2018ರ ಹೊತ್ತಿಗೆ ಮರಿಗಳ ಬೀಜ ತೆಗೆದಾಗ, ಬಾಲ ಕತ್ತರಿಸಿದಾಗ ಬಕೆಟಿನಲ್ಲಿ ಸೋರಿ ನಿಲ್ಲುವ ದ್ರವವೂ ಮಾದರಿಯಾಯಿತು. ಎಸೆಯುತ್ತಿದ್ದುದೇ ಸಾಕ್ಷ್ಯವಾಯಿತು.

ಅದೇ ಕಾಲದಲ್ಲಿ, 2011ರಿಂದ, ಮಿನೆಸೋಟಾದ ಬಾಬ್ ಮಾರಿಸನ್ ವ್ಯಾಪಾರದಲ್ಲಿ ಪೈಪೋಟಿಗಿಳಿದಿದ್ದ ಹಂದಿ ಕಂಪನಿಗಳನ್ನು ಒಪ್ಪಿಸಿ, ವಾರವಾರವೂ ತಮ್ಮ ಹಿಂಡುಗಳ ಸೋಂಕಿನ ಸ್ಥಿತಿ ಹಂಚಿಕೊಳ್ಳುವಂತೆ ಮಾಡಿದರು. ಕ್ರಮೇಣ ಅಮೆರಿಕದ ತಾಯಿ ಹಂದಿಗಳಲ್ಲಿ ಸುಮಾರು ಅರ್ಧದಷ್ಟು ಈ ಲೆಕ್ಕಕ್ಕೆ ಬಂದವು. ಕಾನೂನಿನ ಬಲವಿಲ್ಲದೆ, ನಂಬಿಕೆಯ ಮೇಲೆ ನಿಂತ ಕೆಲಸ ಅದು.

ಆಫ್ರಿಕನ್ ಹಂದಿ ಜ್ವರ 2007ರಲ್ಲಿ ಜಾರ್ಜಿಯಾ ಮುಟ್ಟಿ, 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ, 2022ರಲ್ಲಿ ನಮ್ಮ ಕರ್ನಾಟಕದ ಗಡಿಗೆ ಅಂಟಿಕೊಂಡ ವಯನಾಡು ತಲುಪಿತು. ಇಲ್ಲಿ ಹಳೆಯ ಲೆಕ್ಕಾಚಾರ ಕೆಲಸಕ್ಕೆ ಬರಲಿಲ್ಲ. ಪ್ರತಿಕಾಯ ಹುಟ್ಟುವ ಮೊದಲೇ ಹೆಚ್ಚಿನ ಹಂದಿಗಳು ಸಾಯುವುದರಿಂದ ಎಲೈಸಾ ತಡವಾಗುತ್ತದೆ; ಶುರುವಿನಲ್ಲಿ ರೋಗ ಒಂದೆರಡು ಹಂದಿಗಳಲ್ಲೇ ಇರುವುದರಿಂದ ಮೂವತ್ತರ ಲೆಕ್ಕ ಕುರುಡಾಗುತ್ತದೆ. ಹಾಗಾಗಿ ಐರೋಪ್ಯ ಒಕ್ಕೂಟದ ನಿರ್ಬಂಧಿತ ವಲಯಗಳಲ್ಲಿ ಪ್ರತಿ ವಾರ ಸತ್ತ, 60 ದಿನಕ್ಕಿಂತ ಹೆಚ್ಚು ವಯಸ್ಸಿನ ಮೊದಲ ಎರಡು ಹಂದಿಗಳನ್ನು ಪರೀಕ್ಷಿಸುವ ಕ್ರಮ ಬಂತು. ಬದುಕಿರುವ ನೂರು ಹಂದಿಗಳ ರಕ್ತಕ್ಕಿಂತ ಸತ್ತ ಒಂದರ ಗುಲ್ಮದ ಚೂರು ಹೆಚ್ಚು ಹೇಳುತ್ತದೆ.

ನಮ್ಮ ದೇಶದಲ್ಲಿ ಸಂಸ್ಥೆಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ, ಹಂದಿ ಜ್ವರವೂ ಸೇರಿ ಹಲವು ರೋಗಗಳ ಮುನ್ಸೂಚನೆಯನ್ನು ಎರಡು ತಿಂಗಳು ಮೊದಲೇ ಕೊಡುತ್ತದೆ. ಭೋಪಾಲದ ರಾಷ್ಟ್ರೀಯ ಪಶುರೋಗ ಪ್ರಯೋಗಾಲಯ ಆಫ್ರಿಕನ್ ಹಂದಿ ಜ್ವರವನ್ನು ಖಚಿತಪಡಿಸುತ್ತದೆ. ಮೊಲಗಳನ್ನು ಕೊಂದು ತಯಾರಿಸುತ್ತಿದ್ದ ಹಂದಿ ಜ್ವರದ ಲಸಿಕೆಯ ಜಾಗಕ್ಕೆ ಇಜ್ಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಜೀವಕೋಶದಲ್ಲಿ ಬೆಳೆಸಿದ ಲಸಿಕೆ ತಂದಿದೆ. ಆದರೆ 2019ರ ಜಾನುವಾರು ಗಣತಿಯ ಸುಮಾರು 90 ಲಕ್ಷ ಹಂದಿಗಳಲ್ಲಿ ಬಹುಪಾಲು ಹಿತ್ತಿಲಿನವು. ಎರಡೋ ಮೂರೋ ಹಂದಿ, ಹೋಟೆಲಿನ ಮುಸುರೆ, ಹಗ್ಗ ನೇತುಹಾಕಲು ಅಂಕಣವೂ ಇಲ್ಲ. ಅಲ್ಲಿ ಸತ್ತ ಹಂದಿಯ ಸುದ್ದಿ ಆಸ್ಪತ್ರೆ ಮುಟ್ಟುವುದು ಸಾಕುವವರು ಹೇಳಿದರೆ ಮಾತ್ರ.

ಅವರು ಏಕೆ ಹೇಳಬೇಕು? ರೋಗ ಖಚಿತವಾದರೆ ಒಂದು ಕಿಲೋಮೀಟರ್ ತ್ರಿಜ್ಯದೊಳಗೆ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ; ತನ್ನದರ ಜೊತೆ ನೆರೆಯವನದೂ ಹೋಗುತ್ತದೆ. ಪರಿಹಾರವಿರುವುದು ಸರ್ಕಾರ ಕೊಲ್ಲಿಸಿದ ಹಂದಿಗೆ ಮತ್ತು ನಾಶಮಾಡಿದ ಮೇವಿಗೆ. ಮೊದಲು ತಾನಾಗಿ ಸತ್ತ, ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಹಂದಿಗೆ ದರಪಟ್ಟಿಯಲ್ಲಿ ಜಾಗವಿಲ್ಲ. ಅದನ್ನು ಮೊದಲು ಸೇರಿಸಬೇಕು. ಸತ್ತ ಹಂದಿಯ ಸುದ್ದಿ ತಂದವರಿಗೆ ಅದೇ ವಾರ ಹಣ ಸಿಗಬೇಕು, ಫಲಿತಾಂಶ ಏನೇ ಬಂದರೂ ಅವರಿಗೆ ತಿಳಿಸಬೇಕು. ಒಂದು ಪಿಸಿಆರ್ ಯಂತ್ರದ ಬೆಲೆಯಲ್ಲಿ ಇದನ್ನು ಒಂದು ತಾಲ್ಲೂಕಿನಲ್ಲಿ ವರ್ಷಗಟ್ಟಲೆ ನಡೆಸಬಹುದು.