ಕಾನ್ಕಾರ್ಡ್ ಯಾಕೆ ನಿಂತಿತು?



ಹೋದ ಬೇಸಿಗೆಯಲ್ಲಿ ನನ್ನ ಮಗಳನ್ನು ನ್ಯೂಯಾರ್ಕಿನ ಇಂಟ್ರೆಪಿಡ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ನಿಮ್ಮಲ್ಲಿ ಕೆಲವರು ನೋಡಿರಬಹುದು. ಹಡ್ಸನ್ ನದಿಯಲ್ಲಿ ನಿಂತಿರುವ ಹಳೆಯ ಯುದ್ಧನೌಕೆಯೇ ಆ ಮ್ಯೂಸಿಯಂ. ಹಡಗಿನ ಪಕ್ಕದ ಕಟ್ಟೆಯ ಮೇಲೆ ಒಂದು ಬಿಳಿ ವಿಮಾನ ಇದೆ. ಕೊಕ್ಕರೆಯಂತೆ ಉದ್ದನೆಯ ಕತ್ತು, ಚೂಪು ಮೂತಿ, ತ್ರಿಕೋನದ ರೆಕ್ಕೆ, ಅಂಗೈಯಷ್ಟೇ ಅಗಲದ ಕಿಟಕಿಗಳು. ಬ್ರಿಟಿಷ್ ಏರ್‌ವೇಸಿನ ಕಾನ್ಕಾರ್ಡ್ ಅದು. ಅದರ ನೋಂದಣಿಯ ಕೊನೆಯ ಎರಡು ಅಕ್ಷರಗಳಿಂದ ಅದನ್ನು 'ಆಲ್ಫಾ ಡೆಲ್ಟಾ' ಅಂತ ಕರೆಯುತ್ತಾರೆ.

"ಲಂಡನ್ನಿನಿಂದ ಇಲ್ಲಿಗೆ ಮೂರೂವರೆ ಗಂಟೆಯಲ್ಲಿ ಬರುತ್ತಿತ್ತು" ಎಂದೆ. ಮಗಳು ನಂಬಲಿಲ್ಲ. ಈಗ ಏಳೆಂಟು ಗಂಟೆ ಬೇಕು ಅನ್ನುವುದು ಅವಳಿಗೆ ಗೊತ್ತು. ಫೋನು, ಕಂಪ್ಯೂಟರು ಎಲ್ಲವೂ ವರ್ಷದಿಂದ ವರ್ಷಕ್ಕೆ ಚುರುಕಾಗುವುದನ್ನೇ ನೋಡಿ ಬೆಳೆದವಳು. ಒಂದು ಯಂತ್ರ ವೇಗವಾಗಿದ್ದು ಆಮೇಲೆ ಇಲ್ಲವಾಯಿತು ಅನ್ನುವುದು ಅವಳ ತಲೆಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಪ್ಪಾ, ತಾತ ತೀರಿಕೊಂಡಾಗ ಇದು ಹಾರ್ತಾ ಇತ್ತಾ?"

"ಇತ್ತು."

"ಮತ್ತೆ ನೀನು ಯಾಕೆ ಇದರಲ್ಲಿ ಹೋಗಲಿಲ್ಲ?"

ನನ್ನ ತಂದೆ ಹೋದದ್ದು 1998ರಲ್ಲಿ, ಮೈಸೂರಿನಲ್ಲಿ. ನ್ಯೂಜೆರ್ಸಿಯ ನಮ್ಮ ಮನೆಗೆ ಫೋನ್ ಬಂದಾಗ ನಡುರಾತ್ರಿ. ಟಿಕೆಟ್ ಸಿಕ್ಕಿ, ಯುರೋಪಿನಲ್ಲಿ ವಿಮಾನ ಬದಲಿಸಿ, ಮುಂಬೈಯಲ್ಲಿ ರಾತ್ರಿಯೆಲ್ಲ ಕಾದು, ಬೆಂಗಳೂರಿಗೆ ಬಂದು, ಟ್ಯಾಕ್ಸಿ ಹಿಡಿದು ಮೈಸೂರು ಸೇರುವಷ್ಟರಲ್ಲಿ ಮೂರನೆಯ ದಿನ. ಅಣ್ಣ ಸಂಸ್ಕಾರ ಮುಗಿಸಿದ್ದ. ನಿಮ್ಮಲ್ಲಿ ಹಲವರ ಮನೆಯಲ್ಲೂ ಇಂಥದೊಂದು ಕಥೆ ಇರುತ್ತದೆ. ಅಪ್ಪ ಅಮ್ಮಂದಿರು ಹೇಳದೇ ಇರಬಹುದು ಅಷ್ಟೆ. ಕಾನ್ಕಾರ್ಡಿನಲ್ಲಿ ಹೋಗಿ ಬರಲು ಆಗ ಸಾವಿರಾರು ಡಾಲರ್ ಬೇಕಿತ್ತು, ನನ್ನ ಬಳಿ ಇರಲಿಲ್ಲ. ಸಾಲ ಮಾಡಿ ಹತ್ತಿದ್ದರೂ ಲಂಡನ್ನಿನವರೆಗೆ ನಾಲ್ಕು ಗಂಟೆ ಉಳಿಯುತ್ತಿತ್ತು, ಮುಂದಿನದೆಲ್ಲ ಅದೇ ಹಳೆಯ ದಾರಿ. ಲಂಡನ್ನಿನಿಂದ ಪೂರ್ವಕ್ಕೆ ಕಾನ್ಕಾರ್ಡ್ ಸೇವೆ ಇರಲೇ ಇಲ್ಲ. ಒಂದು ಕಾಲದಲ್ಲಿ ಇತ್ತು. ಅದನ್ನು ಹಾರಿಸಿದ ವಿಮಾನಗಳಲ್ಲಿ ನಮ್ಮ ಮುಂದೆ ನಿಂತಿದ್ದ ಆಲ್ಫಾ ಡೆಲ್ಟಾವೂ ಒಂದು.

ಆ ಕಥೆಗೆ ಬರುವ ಮೊದಲು ಸ್ವಲ್ಪ ಹಿಂದೆ ಹೋಗೋಣ. 1962ರ ನವೆಂಬರಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಟ್ಟಾಗಿ ಈ ವಿಮಾನ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದವು. ಇನ್ನು ಮುಂದೆ ಎಲ್ಲ ದೊಡ್ಡ ವಿಮಾನಗಳೂ ಶಬ್ದದ ವೇಗವನ್ನು ಮೀರಿಯೇ ಹಾರುತ್ತವೆ ಎಂದು ಬಲ್ಲವರು ನಂಬಿದ್ದ ದಿನಗಳವು. ಅಮೆರಿಕದವರು ಬೋಯಿಂಗ್ 2707 ಎಂಬುದನ್ನು ಯೋಜಿಸುತ್ತಿದ್ದರು. ಸೋವಿಯತ್ತರು ಟಿಯು-144 ಕಟ್ಟಿ, ಕಾನ್ಕಾರ್ಡಿಗಿಂತ ಎರಡು ತಿಂಗಳು ಮೊದಲೇ, 1968ರ ಡಿಸೆಂಬರ್ 31ರಂದು ಹಾರಿಸಿಬಿಟ್ಟರು. ಬೆಂಗಳೂರಿನ ಎಚ್‌ಎಎಲ್ ಕೂಡ ಆ ಹುರುಪಿನಿಂದ ಹೊರತಾಗಿರಲಿಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ 'ಮಾರುತ' ಯುದ್ಧವಿಮಾನ 1961ರಲ್ಲಿ ಹಾರಿತು. ಶಬ್ದದ ಎರಡು ಪಟ್ಟು ವೇಗ ಅದರ ಗುರಿಯಾಗಿತ್ತು. ಬೇಕಾದ ಎಂಜಿನ್ ಕೊನೆಗೂ ಸಿಗಲಿಲ್ಲ, ಹಾಗಾಗಿ ಅದು ಶಬ್ದದ ವೇಗದ ಹತ್ತಿರಕ್ಕೆ ಬಂದು ನಿಂತಿತು. ಮಾರುತಕ್ಕೆ ಹಾಕಿದ ಆರ್ಫಿಯಸ್ ಎಂಜಿನ್ನೂ ಕಾನ್ಕಾರ್ಡಿನ ಒಲಿಂಪಸ್ ಎಂಜಿನ್ನೂ ಹುಟ್ಟಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಒಂದೇ ಎಂಜಿನ್ ಸಂಸ್ಥೆಯಲ್ಲಿ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತವನ್ನು ನೋಡಿ ಬನ್ನಿ.

ಕಾನ್ಕಾರ್ಡ್ 1969ರ ಮಾರ್ಚ್ 2ರಂದು ಫ್ರಾನ್ಸಿನ ಟುಲೂಸ್‌ನಲ್ಲಿ ಮೊದಲ ಸಲ ಮೇಲೆದ್ದಿತು. 1976ರ ಜನವರಿ 21ರಂದು ಪ್ರಯಾಣಿಕರ ಸೇವೆ ಶುರುವಾಯಿತು: ಲಂಡನ್ನಿನಿಂದ ಬಹ್ರೇನಿಗೆ ಒಂದು, ಪ್ಯಾರಿಸ್ಸಿನಿಂದ ಡಕಾರ್ ಮೂಲಕ ರಿಯೋಗೆ ಇನ್ನೊಂದು. ಸುಮಾರು ನೂರು ಜನ, ಗಂಟೆಗೆ ಸುಮಾರು 2,150 ಕಿಲೋಮೀಟರ್ ವೇಗ, 60,000 ಅಡಿವರೆಗೆ ಎತ್ತರ. ಅಷ್ಟು ವೇಗದಲ್ಲಿ ಗಾಳಿಯ ಒತ್ತಡಕ್ಕೆ ವಿಮಾನದ ಮೈ ಬಿಸಿಯಾಗುತ್ತದೆ. ಮೂತಿಯ ತುದಿಯಲ್ಲಿ 127 ಡಿಗ್ರಿವರೆಗೆ. ಕಾದ ಲೋಹ ಹಿಗ್ಗಿ ಇಡೀ ವಿಮಾನ ಒಂದು ಗೇಣಿನಷ್ಟು ಉದ್ದವಾಗುತ್ತಿತ್ತು. ಆಗ ಕಾಕ್‌ಪಿಟ್ಟಿನಲ್ಲಿ ಫ್ಲೈಟ್ ಎಂಜಿನಿಯರ್ ಕೂರುವ ಕಡೆ ಒಂದು ಸಂದಿ ತೆರೆಯುತ್ತಿತ್ತು. ವಿಮಾನ ಇಳಿದು ತಣ್ಣಗಾದರೆ ಅದು ಮುಚ್ಚಿಕೊಳ್ಳುತ್ತಿತ್ತು. ನಿವೃತ್ತಿಯ ಹಾರಾಟಗಳಲ್ಲಿ ಕೆಲವು ಎಂಜಿನಿಯರುಗಳು ಆ ಸಂದಿಯೊಳಗೆ ತಮ್ಮ ಟೋಪಿ ತೂರಿಸಿಟ್ಟರು. ವಿಮಾನ ಮತ್ತೆ ಕಾಯುವುದಿಲ್ಲ, ಟೋಪಿ ಹೊರಗೆ ಬರುವುದಿಲ್ಲ.

ಇಂಥ ಅದ್ಭುತಕ್ಕೆ ಏನಾಯಿತು? 2000ದ ಜುಲೈ 25ರ ಅಪಘಾತದಿಂದ ನಿಂತಿತು ಎಂದು ಬಹಳ ಜನ ಹೇಳುತ್ತಾರೆ. ಪ್ಯಾರಿಸ್ಸಿನಲ್ಲಿ ಮೇಲೇರುತ್ತಿದ್ದ ಏರ್ ಫ್ರಾನ್ಸ್ ಕಾನ್ಕಾರ್ಡಿನ ಚಕ್ರ, ಬೇರೊಂದು ವಿಮಾನದಿಂದ ರನ್‌ವೇ ಮೇಲೆ ಬಿದ್ದಿದ್ದ ಲೋಹದ ಪಟ್ಟಿಯ ಮೇಲೆ ಹರಿಯಿತು. ಟೈರ್ ಸಿಡಿದು ಚೂರು ಇಂಧನದ ಟ್ಯಾಂಕಿಗೆ ಬಡಿದು ಬೆಂಕಿ ಹೊತ್ತಿತು. ವಿಮಾನದಲ್ಲಿದ್ದ 109 ಜನ, ನೆಲದ ಮೇಲಿದ್ದ 4 ಜನ ಸತ್ತರು. ಆದರೆ ಟ್ಯಾಂಕುಗಳಿಗೆ ಕೆವ್ಲಾರ್ ಒಳಪದರ ಹಾಕಿ, ಟೈರ್ ಬದಲಿಸಿ, 2001ರ ನವೆಂಬರಿನಲ್ಲಿ ಅದು ಮತ್ತೆ ಹಾರಿತು. ನನ್ನ ಲೆಕ್ಕದಲ್ಲಿ ಕಾನ್ಕಾರ್ಡಿನ ಹಣೆಬರಹ ಬರೆದದ್ದು ಅದಕ್ಕೂ ಮೂವತ್ತು ವರ್ಷ ಹಿಂದೆ, ನೆಲದ ಮೇಲಿದ್ದ ಜನ.

ಕೆರೆಯಲ್ಲಿ ದೋಣಿ ಹೋಗುವಾಗ ಹಿಂದೆ ಎರಡೂ ಕಡೆ ಅಲೆ ಹರಡಿಕೊಂಡು ಬರುತ್ತದಲ್ಲ, ದಡದಲ್ಲಿ ಕೂತವರಿಗೆ ದೋಣಿ ದಾಟಿ ಹೋದ ಮೇಲೆ ಅದು ಬಂದು ಬಡಿಯುತ್ತದೆ. ಶಬ್ದವನ್ನು ಮೀರಿ ಹಾರುವ ವಿಮಾನವೂ ಹೀಗೆಯೇ ಗಾಳಿಯ ಅಲೆಯೊಂದನ್ನು ಎಳೆದುಕೊಂಡು ಹೋಗುತ್ತದೆ. ಅದು ನೆಲಕ್ಕೆ ತಾಗಿದಾಗ ಗುಂಡು ಹೊಡೆದಂಥ ಸದ್ದು: ಸಾನಿಕ್ ಬೂಮ್. ಶಬ್ದದ ವೇಗ ದಾಟುವ ಕ್ಷಣದಲ್ಲಿ ಒಂದೇ ಸಲ ಬರುತ್ತದೆ ಎಂದು ನಾನೂ ಚಿಕ್ಕಂದಿನಲ್ಲಿ ತಿಳಿದಿದ್ದೆ. ಹಾಗಲ್ಲ. ವಿಮಾನ ಹೋದ ದಾರಿಯುದ್ದಕ್ಕೂ, ಸುಮಾರು 80 ಕಿಲೋಮೀಟರ್ ಅಗಲಕ್ಕೆ, ಕೆಳಗಿರುವ ಪ್ರತಿ ಮನೆಗೂ ಅದು ಬಡಿಯುತ್ತಾ ಹೋಗುತ್ತದೆ.

ಜನ ಇದನ್ನು ತಾಳಿಕೊಳ್ಳುತ್ತಾರೋ ನೋಡೋಣ ಎಂದು ಅಮೆರಿಕ ಸರ್ಕಾರ 1964ರಲ್ಲಿ ಒಕ್ಲಹೋಮ ಸಿಟಿಯ ಮೇಲೆ ಆರು ತಿಂಗಳು ಯುದ್ಧವಿಮಾನ ಹಾರಿಸಿತು. ಒಟ್ಟು 1,253 ಬೂಮ್‌ಗಳು. ಮೊದಮೊದಲು ಊರವರು ಅದನ್ನೇ ಗಡಿಯಾರ ಮಾಡಿಕೊಂಡು ನಕ್ಕರು. ಆಮೇಲೆ ಕಿಟಕಿ ಒಡೆದವು, ಗೋಡೆಯ ಗಾರೆ ಬಿರುಕು ಬಿಟ್ಟಿತು, ಸಾವಿರಾರು ದೂರು ಬಂದವು. ಕೊನೆಗೆ ಕೇಳಿದಾಗ ಕಾಲು ಭಾಗಕ್ಕೂ ಹೆಚ್ಚು ಜನ, ಇದರ ಜೊತೆ ಬದುಕಲು ಆಗುವುದಿಲ್ಲ ಎಂದರು. 1971ರಲ್ಲಿ ಅಮೆರಿಕದ ಸಂಸತ್ತು ಬೋಯಿಂಗ್ ಯೋಜನೆಗೆ ಹಣ ನಿಲ್ಲಿಸಿತು. 1973ರಲ್ಲಿ ನಾಗರಿಕ ವಿಮಾನಗಳು ನೆಲದ ಮೇಲೆ ಶಬ್ದದ ವೇಗ ಮೀರುವುದನ್ನೇ ಅಮೆರಿಕ ಸರ್ಕಾರ ನಿಷೇಧಿಸಿತು. ಅದೇ ವರ್ಷ ಜನವರಿಯಲ್ಲಿ ಪ್ಯಾನ್ ಆಮ್ ಮತ್ತು ಟಿಡಬ್ಲ್ಯುಎ ಕಾನ್ಕಾರ್ಡ್ ಕೊಳ್ಳುವ ಮಾತಿನಿಂದ ಹಿಂದೆ ಸರಿದವು. ಎರಡು ವಿಮಾನಗಳಿಗೆ ಹೆಸರು ಬರೆಸಿದ್ದ ನಮ್ಮ ಏರ್ ಇಂಡಿಯಾವೂ ಕೊಳ್ಳಲಿಲ್ಲ. ಎಪ್ಪತ್ತಕ್ಕೂ ಹೆಚ್ಚು ವಿಮಾನಗಳಿಗೆ ಬೇಡಿಕೆ ಇದ್ದದ್ದು ಕರಗಿ, ಕೊನೆಗೆ ಕಟ್ಟಿದ್ದು ಇಪ್ಪತ್ತು, ಸೇವೆಗೆ ಬಂದದ್ದು ಹದಿನಾಲ್ಕು. ಅರಬ್ ದೇಶಗಳು ಎಣ್ಣೆ ನಿಲ್ಲಿಸಿ ಬೆಲೆ ಏರಿದ್ದೂ ಅದೇ ವರ್ಷ. ನೂರು ಜನರಿಗಾಗಿ ಗಂಟೆಗೆ ಇಪ್ಪತ್ತು ಟನ್ನಿಗೂ ಹೆಚ್ಚು ಇಂಧನ ಕುಡಿಯುವ ವಿಮಾನದ ಎದುರು, ನಾನೂರು ಜನರನ್ನು ಕೂರಿಸಿಕೊಳ್ಳುವ ಜಂಬೋ ಜೆಟ್ ಆಗಲೇ ಹಾರುತ್ತಿತ್ತು. ನಮ್ಮ ಅಪ್ಪ ಅಮ್ಮಂದಿರ ತಲೆಮಾರನ್ನು ಇಷ್ಟು ಸಂಖ್ಯೆಯಲ್ಲಿ ಈ ದೇಶಗಳಿಗೆ ತಂದಿಳಿಸಿದ್ದು ಆ ದಢೂತಿ ಜಂಬೋ.

ಈಗ ಆಲ್ಫಾ ಡೆಲ್ಟಾ ಕಥೆ. 1977ರ ಡಿಸೆಂಬರಿನಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಸಿಂಗಾಪುರ್ ಏರ್‌ಲೈನ್ಸ್ ಜಂಟಿಯಾಗಿ ಲಂಡನ್–ಬಹ್ರೇನ್–ಸಿಂಗಾಪುರ ಸೇವೆ ಶುರು ಮಾಡಿದವು. ಈ ವಿಮಾನದ ಎಡಮೈಗೆ ಸಿಂಗಾಪುರದ ಬಣ್ಣ, ಬಲಮೈಗೆ ಬ್ರಿಟಿಷ್ ಬಣ್ಣ. ಮದುವೆ ಮನೆಯಲ್ಲಿ ಎರಡೂ ಕಡೆಯವರನ್ನು ಸಮಾಧಾನ ಮಾಡಿದ ಹಾಗೆ! ಮೂರು ಸಲ ಹೋಗಿ ಬರುವುದರೊಳಗೆ ಸದ್ದಿನ ಕಾರಣಕ್ಕೆ ಮಲೇಷ್ಯಾ ತಡೆಯಿತು. 1979ರಲ್ಲಿ ದಾರಿ ಬದಲಿಸಿ ಮತ್ತೆ ಶುರುವಾಯಿತು. ಭಾರತವೂ ತನ್ನ ಆಕಾಶದಲ್ಲಿ ಶಬ್ದದ ವೇಗ ಮೀರಲು ಒಪ್ಪಲಿಲ್ಲ. ಸೇವೆಯಲ್ಲಿ ಲಾಭವಿರಲಿಲ್ಲ, 1980ರಲ್ಲಿ ನಿಂತಿತು. ಹೀಗೆ ಪೂರ್ವದ ಬಾಗಿಲು ಮುಚ್ಚಿತು. ಬೇಡವೆಂದವರಲ್ಲಿ ನನ್ನ ದೇಶವೂ ಒಂದು ಎಂದು ತಿಳಿದಾಗ, 1998ರ ಆ ಪ್ರಯಾಣ ನೆನಪಾಗಿ ಮೊದಲು ಸಿಟ್ಟು ಬಂತು. ಆಮೇಲೆ ಅನಿಸಿತು: ಆ ವಿಮಾನ ಎಂದಾದರೂ ಕರಾವಳಿಯ ಮೇಲೆ ಹಾದಿದ್ದರೆ, ಕೆಳಗೆ ಮಗು ಮಲಗಿಸುತ್ತಿದ್ದ ತಾಯಿಗೆ ಅದರಿಂದ ಬರುತ್ತಿದ್ದದ್ದು ಸದ್ದು ಮಾತ್ರ.

ಕಾನ್ಕಾರ್ಡಿಗೆ ಉಳಿದದ್ದು ಅಟ್ಲಾಂಟಿಕ್ ಸಾಗರ. ನ್ಯೂಯಾರ್ಕ್ ಕೂಡ ಕೋರ್ಟು ಕಚೇರಿ ಹತ್ತಿಸಿಯೇ 1977ರಲ್ಲಿ ಇಳಿಯಗೊಟ್ಟದ್ದು. ಆ ಒಂದು ದಾರಿಯಲ್ಲಿ ಅದು ರಾಜನಂತೆ ಬಾಳಿತು. 1996ರ ಫೆಬ್ರವರಿ 7ರಂದು ಆಲ್ಫಾ ಡೆಲ್ಟಾ ನ್ಯೂಯಾರ್ಕಿನಿಂದ ಲಂಡನ್ನಿಗೆ 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಹೋಯಿತು. ಅಪಘಾತ, ಸೆಪ್ಟೆಂಬರ್ 11ರ ದಾಳಿ, ಕಡಿಮೆಯಾದ ಪ್ರಯಾಣಿಕರು, ಏರಿದ ನಿರ್ವಹಣೆಯ ಖರ್ಚು ಎಲ್ಲ ಸೇರಿ 2003ರ ಅಕ್ಟೋಬರ್ 24ಕ್ಕೆ ಪ್ರಯಾಣಿಕರ ಸೇವೆ ಮುಗಿಯಿತು.

ಮತ್ತೆ ಬರುತ್ತದೆಯೇ? ಪ್ರಯತ್ನ ನಡೆದಿದೆ. 2025ರ ಜನವರಿಯಲ್ಲಿ ಬೂಮ್ ಎಂಬ ಅಮೆರಿಕದ ಕಂಪನಿಯ ಎಕ್ಸ್‌ಬಿ-1 ಎಂಬ ಪುಟ್ಟ ವಿಮಾನ ಶಬ್ದದ ವೇಗ ದಾಟಿತು. ಅರುವತ್ತರಿಂದ ಎಂಬತ್ತು ಜನ ಕೂರುವ 'ಓವರ್ಚರ್' ಕಟ್ಟುವುದು ಅವರ ಉದ್ದೇಶ. ಜೂನಿನಲ್ಲಿ ಅಮೆರಿಕದ ಅಧ್ಯಕ್ಷರು 1973ರ ನಿಷೇಧ ತೆಗೆಯುವಂತೆ ಆದೇಶಿಸಿದರು. ಇಂಧನದ ಲೆಕ್ಕ ಇವರಿಗೂ ಸುಲಭವಲ್ಲ ಎಂದೇ ನನ್ನ ಅನುಮಾನ. ನನಗೆ ಹೆಚ್ಚು ಕುತೂಹಲ ನಾಸಾದ ಎಕ್ಸ್-59 ಮೇಲೆ. ಅದು 2025ರ ಅಕ್ಟೋಬರ್ 28ರಂದು ಮೊದಲ ಸಲ ಹಾರಿತು. ಅದರ ಮೂತಿಯೇ ವಿಮಾನದ ಮೂರನೆಯ ಒಂದು ಭಾಗ. ಪೈಲಟ್‌ಗೆ ಎದುರಿನ ಕಿಟಕಿಯೇ ಇಲ್ಲ, ಕ್ಯಾಮೆರಾದ ತೆರೆ ನೋಡಿಕೊಂಡು ಹಾರಿಸಬೇಕು. ಆ ಉದ್ದ ಮೂತಿ ಅಲೆಗಳನ್ನು ಒಂದಕ್ಕೊಂದು ಸೇರಲು ಬಿಡದೆ ಚದುರಿಸಿದರೆ, ಕೆಳಗಿನವರಿಗೆ ದೂರದಲ್ಲಿ ಕಾರಿನ ಬಾಗಿಲು ಹಾಕಿದಷ್ಟೇ ಸದ್ದು ಕೇಳಬೇಕು ಎಂಬುದು ಯೋಜನೆ. ಮುಂದೆ ಊರುಗಳ ಮೇಲೆ ಅದನ್ನು ಹಾರಿಸಿ, ಕೆಳಗಿರುವ ಜನರನ್ನು ನಿಮಗೆ ಹೇಗೆ ಕೇಳಿಸಿತು ಎಂದು ವಿಚಾರಿಸುತ್ತಾರಂತೆ. ಆ ಉತ್ತರಗಳ ಮೇಲೆ ಹೊಸ ನಿಯಮ ಆಗಬೇಕು. ಅಮೆರಿಕದ ನಿಯಮ ಬದಲಾದರೂ ಉಳಿದ ದೇಶಗಳು ತಮ್ಮ ತಮ್ಮ ಆಕಾಶದ ಮಾತನ್ನು ತಾವೇ ಹೇಳಬೇಕಾಗುತ್ತದೆ, ಭಾರತವೂ ಸೇರಿ.

ವಾಪಸ್ ಬರುವಾಗ ಲಿಂಕನ್ ಟನೆಲ್ ಮುಂದೆ ಎಂದಿನಂತೆ ಟ್ರಾಫಿಕ್. ಮಗಳು ಫೋನಿನ ನಕ್ಷೆಯಲ್ಲಿ ನೂವರ್ಕಿನಿಂದ ಬೆಂಗಳೂರಿಗೆ ಗೆರೆ ಎಳೆದು, ಎಲ್ಲಿ ನೀರು, ಎಲ್ಲಿ ನೆಲ ಅಂತ ಬೆರಳಲ್ಲಿ ಅಳೆಯುತ್ತಿದ್ದಳು. "ಅಟ್ಲಾಂಟಿಕ್ ದಾಟಿದ ಮೇಲೆ ಹೆಚ್ಚೂಕಡಿಮೆ ಪೂರ್ತಿ ಯಾರದೋ ಮನೆ ಮೇಲೇ ಹೋಗ್ಬೇಕಲ್ಲ ಅಪ್ಪಾ" ಎಂದಳು. ಹೌದು ಎಂದೆ. ಮುಂದಿನ ಕಾರು ಸ್ವಲ್ಪ ಸರಿಯಿತು.